ಗಾಜು ಬೇಡ ಅಂದಳು

ನಲವತ್ತು ವರ್ಷದಿಂದ ಕೌಲ್ ಬಜಾರಿನ ಈ ಸಂದಿಯಲ್ಲಿ
ದೇವರಿಗೂ ಸತ್ತವರಿಗೂ ಒಂದೇ ಅಳತೆಯಲ್ಲಿ
ಕಟ್ಟು ಹಾಕುತ್ತ ಬಂದವನು, ಮೌಲಾಸಾಬ.
ಹನ್ನೆರಡಕ್ಕೆ ಹದಿನಾರು ಇಂಚು.
ಚಿನ್ನದ ಅಂಚು ಬೇಕೆಂದರೆ ಮೂವತ್ತು ರೂಪಾಯಿ ಮೇಲೆ.

ಅವಳು ತಂದದ್ದು ಯಾವ ಅಳತೆಗೂ ಕೂಡಲಿಲ್ಲ.
ಆಟೋದ ಮೇಲೆ ಹಗ್ಗ ಬಿಗಿದು, ಹಳೇ ಸೀರೆ ಸುತ್ತಿ,
ಹೆಣ ಇಳಿಸಿದ ಹಾಗೆ ಇಳಿಸಿದರು ಮೂವರು ಹುಡುಗಿಯರು.
"ಹುಷಾರು ಚಾಚಾ, ಉದುರತೈತಿ."

ಬಿಚ್ಚಿದೆ.
ಒಂದು ಹೆಂಗಸಿನ ಮುಖ. ಬಾಗಿಲಷ್ಟು ಎತ್ತರ.
ಕೆನ್ನೆಗೆ, ಸಂಡೂರು ರಸ್ತೆಯ ಲಾರಿಗಳು ಚೆಲ್ಲಿಹೋದ ಅದಿರಿನ ಧೂಳು,
ಹಣೆಗೆ ಕುಡತಿನಿಯ ಬೂದಿ,
ಸೆರಗು ಪೂರ್ತಿ ಜೀನ್ಸಿನ ಚಿಂದಿ:
ಅವಳವ್ವ ದುಡಿಯುವ ವಾಷಿಂಗಿನಲ್ಲಿ
ನೀಲಿ ಇಳಿಸಿ ಎಸೆದವು.
ಇಳಿದ ನೀಲಿ ಎಲ್ಲಿ ಹೋಯಿತೆಂದರೆ
ಅವ್ವನ ಉಗುರಿನ ಸಂದಿಗೆ.

ತಲೆಗೆ ನಿಜವಾದ ಕೂದಲು.
"ಅಪ್ಪಂದು," ಅಂದಳು.
"ಊರಾಗ ನಮಗ ಕಟಿಂಗ್ ಮಾಡಂಗಿಲ್ಲ ಚಾಚಾ,
ಅವ್ವನೇ ಕತ್ತರಿ ಹಿಡಿತಾಳ.
ಡಬ್ಬಿಯಾಗ ಕೂಡಿಟ್ಟಿದ್ದೆ."

ಮುಖದ ಹಿಂದೆ ತುಂಬ ಪೇಪರಿನ ತುಣುಕು:
ವಧು ಬೇಕಾಗಿದೆ. ಬೆಳ್ಳಗೆ, ತೆಳ್ಳಗೆ. ಗೋಧಿ ಬಣ್ಣ, ಸ್ವಜಾತಿ.
ಗೋಧಿಯಂತೆ!
ಈ ಜೋಳದ ಸೀಮೆಯಲ್ಲಿ.

ಕಣ್ಣು ಮಾತ್ರ ಬೆಳಗುತ್ತಿದ್ದವು.
ಬೆರಳಿಟ್ಟು ನೋಡಿದೆ: ಬೆಳ್ಳಗಾಗುವ ಕ್ರೀಮಿನ ಟ್ಯೂಬು,
ಸೀಳಿ, ಒಳಮಗ್ಗುಲು ಹೊರಳಿಸಿದ್ದಳು.
ಬಾಯಿ ಇರಬೇಕಾದಲ್ಲಿ ಅಡ್ಡ ಒಂದು ಬಣ್ಣದ ಪೆನ್ಸಿಲ್,
ತುದಿ ಸವೆದೇ ಇಲ್ಲ.
"ನಾಕನೇ ಕ್ಲಾಸಿಂದು.
ಟೀಚರು ಇದಕ್ಕ ಮೈಬಣ್ಣ ಅಂತಿದ್ರು.
ಯಾರ ಮೈದು ಅಂತ ಕೇಳಿದ್ದಕ್ಕ
ಹೊರಗ ನಿಂದರಿಸಿದ್ರು."

ರಸೀದಿಗೆ ಹೆಸರು ಕೇಳಿದೆ. ಗಾಳೆಮ್ಮ.
ಗಾಜು ಎಷ್ಟು ದಪ್ಪದ್ದು ಹಾಕಲಿ?
ಬೇಡ ಅಂದಳು.
ಧೂಳು ಕೂರುತ್ತದಲ್ಲ ಮಗಳೇ.
"ಇರೋದೇ ಧೂಳು ಚಾಚಾ, ಮತ್ತೇನು ಕುಂದ್ರತೈತಿ?"

ರಾಜ್ಯೋತ್ಸವದ ಪ್ರದರ್ಶನ. ಮೊದಲ ದಿನ ಬಾಗಿಲ ಎದುರಿಗಿತ್ತು.
ಸಾಹೇಬರೊಬ್ಬರು ಬಗ್ಗಿ ಚೀಟಿ ಓದಿದರು:
ಮಾಧ್ಯಮ – ಅದಿರು, ಬೂದಿ, ಜೀನ್ಸ್, ಅಪ್ಪನ ಕೂದಲು.
"ಇದೇನು ಚಿತ್ರಾನೋ, ಅರ್ಜೀನೋ?"
ನಕ್ಕರು. ಜೊತೆಗಿದ್ದವರೂ ನಕ್ಕರು.
ಎರಡನೇ ದಿನ ಅದು ನೀರಿನ ಡ್ರಮ್ಮಿನ ಪಕ್ಕ,
ಗೋಡೆಯ ಕಡೆ ಮುಖ ಮಾಡಿ.

ಕಟ್ಟು ನನ್ನದಲ್ಲವೇ, ನೋಡಲು ಹೋಗಿದ್ದೆ.
ಅವಳು ಜಗಳ ಮಾಡಲಿಲ್ಲ.
ಆ ಕಡೆ ಹಿಡೀರಿ ಅಂದಳು. ಹಿಡಿದೆ. ತಿರುಗಿಸಿದೆವು.
ಮೂರನೇ ದಿನ ಮತ್ತೆ ಗೋಡೆಗೆ. ಮತ್ತೆ ತಿರುಗಿಸಿದೆವು.
ಪ್ರತಿ ಸಲ ಹಿಡಿಯಷ್ಟು ಕೆಂಪು ಉದುರುತ್ತಿತ್ತು.
ಕಸ ಗುಡಿಸುವ ಬಸಕ್ಕ ಅದೊಂದನ್ನು ಗುಡಿಸಲಿಲ್ಲ.
ಬಂದವರ ಬೂಟು, ಚಪ್ಪಲಿ, ಬರಿಗಾಲು
ಅದನ್ನು ಒಯ್ದವು,
ಸಾಹೇಬರ ಊಟದ ಶಾಮಿಯಾನದವರೆಗೆ.

ಇನ್ನೊಂದು ಮಾತು. ಇದನ್ನು ಅವಳಿಗೆ ಹೇಳಿಲ್ಲ.
ಸತ್ತವರ ಫೋಟೋ ತಂದವರು, ಎಲ್ಲ ಜಾತಿಯವರೂ,
ದುಡ್ಡು ಕೊಡುವಾಗ ದನಿ ಇಳಿಸುತ್ತಾರೆ:
"ಸ್ವಲ್ಪ ಬೆಳ್ಳಗ ಮಾಡಿಸ್ರಿ ಸಾಬರೆ."
ಸ್ಟುಡಿಯೋ ಹುಡುಗನಿಗೆ ಹತ್ತು ರೂಪಾಯಿ.
ಎಷ್ಟು ಸಾವಿರ ಸತ್ತವರಿಗೆ ಪೌಡರು ಬಳಿಸಿದೆನೋ.

ಲೆಕ್ಕದಲ್ಲಿ ನನ್ನ ಅಮ್ಮಿಯೂ ಇದ್ದಾಳೆ.
ಅಂಗಡಿಯ ಒಳಗೋಡೆ. ಚಿನ್ನದ ಅಂಚು.
ಹತ್ತಿ ಜಿನ್ನಿನಲ್ಲಿ ಮೈಮುರಿದವಳು,
ಹಂಚಿನ ಬೆನ್ನಿನಂಥ ಕಪ್ಪು ಮುಖದವಳು
ಅಲ್ಲಿ ಯಾರೋ ಮೇಡಮ್ಮಿನ ಹಾಗೆ ಕೂತಿದ್ದಾಳೆ.
ಮೊಮ್ಮಗಳು ಒಮ್ಮೆ ಕೇಳಿದ್ದಳು, ಇವರು ಯಾರು ಅಂತ.

ನಿನ್ನೆ ರಾತ್ರಿ ಶಟರ್ ಎಳೆದು
ಹಿಂದಿನ ಮೊಳೆ ಕಿತ್ತೆ, ಗಾಜು ತೆಗೆದೆ.
ಬೆರಳ ಗೆರೆಯಲ್ಲಿ ಸಂಡೂರಿನ ಧೂಳು ಇನ್ನೂ ಇತ್ತು.
ಕೆನ್ನೆಯ ಹತ್ತಿರ ಒಯ್ದೆ.
ಹಚ್ಚಿದರೆ ಅಮ್ಮಿ ಬರುತ್ತಾಳೋ
ಇದ್ದ ಫೋಟೋನೂ ಕೆಡುತ್ತದೋ,
ತಿಳಿಯಲಿಲ್ಲ.
ಕರೆಂಟು ಹೋಗಿ ಬರುವ ತನಕ ಹಾಗೇ ನಿಂತಿದ್ದೆ.

ಗಾಜು ಮೂಲೆಯಲ್ಲಿದೆ.
ಯಾರಾದರೂ ಗಿರಾಕಿಗೆ ಆದೀತು.